ಗೋಡೆ ನೋಡಲು ಹೋದ ವನಿತಾ ಮಂಡಳಿ

ವತ್ಸಲಾಗೆ ನೆಗಡಿ ಬಂದಾಗಲೆಲ್ಲ ತನಗೆ ಹಸಿವು ಜಾಸ್ತಿಯಾಗುತ್ತದೆ ಎಂಬ ಸಂಗತಿ ಬಸವರಾಜೇಶ್ವರಿಗೆ ಹೊಳೆದದ್ದು ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ. ಹೊಳೆದ ಕೂಡಲೇ ಕೈ ನಿಂತಿತು. ‘ನಾನೇನು ಕೆಟ್ಟವಳೇ?’ ಎಂದು ತನ್ನನ್ನೇ ಕೇಳಿಕೊಂಡಳು. ಹೋದ ವಾರ ವತ್ಸಲಾ ಮೂಗು ಕಟ್ಟಿಕೊಂಡು ಮಲಗಿದ್ದಾಗ ತಾನು ಹುಳಿಯನ್ನ ಎರಡನೇ ಸಲ ಬಡಿಸಿಕೊಂಡದ್ದು ನಿಜ. ಅವಳಿಗೆ ವಾಸಿಯಾಗಿ ಬ್ಯಾಂಕಿಗೆ ಹೊರಟ ದಿನ ಉಪ್ಪಿಟ್ಟು ಗಂಟಲಿನಲ್ಲಿ ಇಳಿಯದೆ ಹೋದದ್ದೂ ನಿಜ. ಇದನ್ನು ದಿನಚರಿಯಲ್ಲಿ ಬರೆಯಲು ಕೂಡ ಧೈರ್ಯ ಸಾಲದೆ, ಆ ದಿನದ ಪುಟದಲ್ಲಿ ‘ಈ ಸಲದ ಅಕ್ಕಿ ಚೆನ್ನಾಗಿಲ್ಲ’ ಎಂದಷ್ಟೇ ಬರೆದು ಮುಗಿಸಿದಳು.

ವತ್ಸಲಾ ಅವಳ ದೊಡ್ಡಮ್ಮನ, ಅಂದರೆ ಅಮ್ಮನ ಅಕ್ಕನ, ಮಗಳು. ರಾಜಾಜಿನಗರದ ನಾಲ್ಕನೇ ಬ್ಲಾಕಿನಲ್ಲಿ ಎದುರುಬದುರು ಮನೆ. ಇಬ್ಬರೂ ಒಂದೇ ವರ್ಷ ಬಿ.ಎ. ಮುಗಿಸಿದವರು. ಮುಗಿಸಿದ ಮೇಲೆ ವತ್ಸಲಾ ಬ್ಯಾಂಕಿಗೆ ಸೇರಿದಳು, ಬಸವರಾಜೇಶ್ವರಿ, ಅಂದರೆ ನಮ್ಮ ರಾಜಿ, ಮೊರಕ್ಕೆ ಸೇರಿದಳು. ವತ್ಸಲಾ ಸೋಲಿಸುವವಳಾಗಿದ್ದರೆ ಒಂದು ಸಮಾಧಾನವಿರುತ್ತಿತ್ತು, ಬೈದುಕೊಳ್ಳಬಹುದಿತ್ತು. ಅವಳೋ ಯಾರಿಗೂ ನೋವಾಗದ ಹಾಗೆ ಗೆಲ್ಲುವವಳು. ಗೆದ್ದು ಬಂದು ‘ರಾಜೀ, ನಿಂಗೂ ಒಂದು ತಂದಿದೀನಿ ಕಣೇ’ ಎಂದು ರಿಬ್ಬನ್ನೋ ಪೆನ್ನೋ ಕೈಗಿಡುವವಳು. ಇಂಥವರ ಮೇಲೆ ಹೊಟ್ಟೆ ಉರಿದುಕೊಳ್ಳುವುದಕ್ಕೆ ಬಹಳ ಶಕ್ತಿ ಬೇಕು.

ಎಪ್ಪತ್ತನಾಲ್ಕರ ಅವರೆಕಾಯಿ ಕಾಲದಲ್ಲಿ ವತ್ಸಲಾ ಬ್ಯಾಂಕಿನ ಗೆಳತಿಯರ ಜೊತೆ ಯಾವುದೋ ಹಳ್ಳಿಗೆ ಹೋಗಿಬಂದಳು. ಬೇರೆಯವರಾದರೆ ಹಳ್ಳಿಗೆ ಹೋದರೆ ಅವರೆಕಾಯಿ ತರುತ್ತಾರೆ. ವತ್ಸಲಾ ಒಂದು ತೊಗಲುಗೊಂಬೆ ತಂದಳು. ಅದನ್ನು ಹಜಾರದ ಕಿಟಕಿಯಲ್ಲಿ ತೂಗುಹಾಕಿ, ಹಿಂದೆ ಒಂದು ಬಲ್ಬು ಉರಿಸಿದಳು. ಸಂಜೆಯಾದರೆ ಕೆಂಪು ಹಸಿರು ನೆರಳು ಬೀದಿಗೆ ಬೀಳುತ್ತಿತ್ತು. ಹಾಲಿಗೆ ಹೋಗುವವರು, ಸೀಮೆಎಣ್ಣೆ ಸಾಲಿನಿಂದ ಡಬ್ಬ ಹಿಡಿದು ಬರುವವರು, ಎಲ್ಲ ಆ ಕಿಟಕಿಯ ಮುಂದೆ ನಿಂತೇ ಹೋಗುತ್ತಿದ್ದರು. ರಾಜಿಯ ಅಮ್ಮ ದಿನಕ್ಕೆರಡು ಬಾರಿ ನಿಟ್ಟುಸಿರು ಬಿಟ್ಟು, ‘ನೋಡು, ಹೊರಗೆ ಹೋದ್ರೆ ಏನೆಲ್ಲ ತಿಳಿಯುತ್ತೆ’ ಎನ್ನುತ್ತಿದ್ದಳು. ಹೊರಗೆ ಹೋಗಬೇಡ ಎಂದವಳೂ ಅವಳೇ.

ಬಡಾವಣೆಯ ಜ್ಯೋತಿ ವನಿತಾ ಮಂಡಳಿಯ ಅಧ್ಯಕ್ಷೆ ಅನಂತಲಕ್ಷ್ಮಮ್ಮನವರು ಸಭೆಯನ್ನೇ ಆ ಗೊಂಬೆಯ ಕೆಳಗೆ ಕರೆದರು. ವತ್ಸಲಾ ಮಾತಾಡಿದಳು. ಸಗಣಿ ಸಾರಿಸಿದ ನೆಲದಲ್ಲಿ ಮಲಗಿದ್ದು, ಮಡಕೆಯಲ್ಲಿ ಬೇಯಿಸಿದ ಹುರುಳಿ ಸಾರು ಉಂಡದ್ದು, ಗೊಂಬೆ ಆಡಿಸುವವರು ಬೆಳಗಿನ ತನಕ ಹಾಡಿದ್ದು, ಎಲ್ಲವನ್ನೂ ಹೇಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು.

‘ಸಂಸ್ಕೃತಿ ಅಂದ್ರೆ ಇದು,’ ಎಂದರು ಅನಂತಲಕ್ಷ್ಮಮ್ಮ, ಕೋಡುಬಳೆ ಮುರಿಯುತ್ತ. ‘ನಾವು ಗ್ಯಾಸು ಸ್ಟೋವು ಅಂತ ಇಲ್ಲಿ ಕೂತು ಎಲ್ಲ ಮರೆತ್ವಿ.’

ಆಗ ಮೂಲೆಯಿಂದ ಒಂದು ದನಿ ಬಂತು. ‘ನಮ್ಮೂರಲ್ಲಿ ಇದಕ್ಕಿಂತ ಹಳೇದಿದೆ.’

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ರಾಜಿ ಎಂದು ಖಾತ್ರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಅವಳ ದನಿ ಹೇಗಿರುತ್ತದೆಂದು ಬಹಳ ಜನಕ್ಕೆ ಗೊತ್ತಿರಲಿಲ್ಲ.

‘ಯಾವೂರಮ್ಮ?’

‘ಸೀಗೆಕಟ್ಟೆಪಾಳ್ಯ. ಮಾಗಡಿ ಆಚೆ. ಅಪ್ಪನ ಊರು.’ ನಾಲಿಗೆ ನಿಲ್ಲಲಿಲ್ಲ. ‘ಅಲ್ಲಿ ನಮ್ಮ ದೊಡ್ಡ ಮನೆ ಇದೆ. ಕಂಬ ಎಲ್ಲ ಕೆತ್ತನೆ. ಕೆಮ್ಮಣ್ಣು ಗೋಡೆ ತುಂಬಾ ಅಕ್ಕಿಹಿಟ್ಟಲ್ಲಿ ಬರೆದಿರೋ ಚಿತ್ರ. ಮುನ್ನೂರು ವರ್ಷದ್ದು.’

ಅಕ್ಕಿಹಿಟ್ಟು ಮುನ್ನೂರು ವರ್ಷ ಗೋಡೆಯ ಮೇಲೆ ನಿಲ್ಲುತ್ತದೆಯೇ ಎಂದು ಯಾರೂ ಕೇಳಲಿಲ್ಲ. ದಿನವಿಡೀ ಹರಟುವವರು ಹೇಳಿದ್ದರೆ ಕೇಳುತ್ತಿದ್ದರು. ವರ್ಷಕ್ಕೊಮ್ಮೆ ಬಾಯಿ ತೆರೆಯುವ ಹುಡುಗಿ ಸುಳ್ಳು ಹೇಳಲು ತೆರೆದಾಳೆಯೇ? ಸೀಗೆಕಟ್ಟೆಪಾಳ್ಯವನ್ನು ಅವಳು ಕಣ್ಣಿನಿಂದ ಕಂಡಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವಳ ಅಪ್ಪ ಚನ್ನಮಲ್ಲಪ್ಪನವರೇ ಚಡ್ಡಿ ಹಾಕುವ ವಯಸ್ಸಿನಲ್ಲಿ ಊರು ಬಿಟ್ಟವರು, ‘ಬಸ್ಸು ಸರಿಯಿಲ್ಲ’ ಎಂಬ ಒಂದೇ ಕಾರಣದ ಮೇಲೆ ತಿರುಗಿ ಹೋಗದವರು.

ವತ್ಸಲಾ ಓಡಿಬಂದು ಅವಳ ಕೈ ಹಿಡಿದುಕೊಂಡಳು. ‘ಕಳ್ಳಿ, ಇಷ್ಟು ದಿನ ಹೇಳೇ ಇಲ್ಲವಲ್ಲೇ. ನಾವೆಲ್ಲ ಹೋಗಣ ಕಣೇ.’

‘ಹೋಗೋಣ ಅಂದ್ರೇನು, ಬರೋ ಭಾನುವಾರ ವ್ಯಾನು ಮಾಡ್ಸಿ,’ ಎಂದರು ಅನಂತಲಕ್ಷ್ಮಮ್ಮ. ಸಭೆ ಮುಗಿಯಿತು.

ಚನ್ನಮಲ್ಲಪ್ಪನವರು ಈ ಸುದ್ದಿಯನ್ನು ಮೊದಲು ಕೇಳಿದ್ದು ಎದುರು ಮನೆಯವರ ಬಾಯಿಂದ. ಮೊದಲು ಬೆಚ್ಚಿದರು. ‘ಕೆತ್ತನೆ ಕಂಬ? ನಮ್ಮನೇಲಾ?’ ಎಂದು ಮಗಳ ಮುಖ ನೋಡಿದರು. ಮಗಳು ಮೊರದ ಕಡೆ ನೋಡಿದಳು. ಆದರೆ ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನವರು, ‘ಏನ್ಸಾರ್, ನಿಮ್ಮದು ಅರಮನೆಯಂತೆ’ ಎಂದಾಗ ಅವರಿಗೆ ಕಂಬಗಳು ಮಸುಕುಮಸುಕಾಗಿ ನೆನಪಾಗತೊಡಗಿದವು. ಬುಧವಾರದ ಹೊತ್ತಿಗೆ ಸ್ಪಷ್ಟವಾದವು. ಗುರುವಾರ ಅವುಗಳಲ್ಲಿ ಗಿಳಿಗಳು ಮೂಡಿದವು. ‘ನಮ್ಮ ಮುತ್ತಾತ ಆ ಗಿಳಿಗೋಸ್ಕರ ತಮಿಳುನಾಡಿಂದ ಬಡಗೀನ ಕರೆಸಿದ್ರಂತೆ’ ಎಂದು ಅವರೇ ಊಟದ ಹೊತ್ತಿನಲ್ಲಿ ಹೇಳಿದಾಗ, ಸುಳ್ಳು ಹುಟ್ಟಿಸಿದ ರಾಜಿಯೇ ಒಂದು ಕ್ಷಣ ನಂಬಿದಳು.

ಊರಿಗೆ ಸುದ್ದಿ ಮುಟ್ಟಿಸಬೇಕಲ್ಲ. ಚನ್ನಮಲ್ಲಪ್ಪನವರು ಮಾಗಡಿ ರಸ್ತೆಯ ಬಸ್ ನಿಲ್ದಾಣಕ್ಕೆ ಹೋಗಿ, ಅವರೆಕಾಯಿ ಮೂಟೆ ಇಳಿಸುತ್ತಿದ್ದ ಸೀಗೆಕಟ್ಟೆಪಾಳ್ಯದವನೊಬ್ಬನನ್ನು ಹಿಡಿದರು.

‘ನಮ್ಮ ಚಿಕ್ಕಗಂಗಮ್ಮ ಚಿಕ್ಕಮ್ಮನಿಗೆ ಹೇಳಪ್ಪ. ಭಾನುವಾರ ನಮ್ಮ ಕಡೆ ಹೆಂಗಸರು ಒಂದು ವ್ಯಾನಲ್ಲಿ ಬರ್ತಾರೆ. ಮನೆ, ಗೋಡೆ, ಕೊಟ್ಟಿಗೆ, ಅಡಿಗೆಮನೆ ಎಲ್ಲ ನೋಡ್ಬೇಕಂತೆ. ಊಟ ಅಲ್ಲೇ.’

‘ಯಾರ್ಯಾರು ಬತ್ತಾರೆ ಬುದ್ದಿ?’

‘ನನ್ ಮಗಳು, ಅವಳ ದೊಡ್ಡಮ್ಮನ ಮಗಳು ವತ್ಸಲಾ ಅಂತ, ಬ್ಯಾಂಕಲ್ಲಿ ಕೆಲಸ...’

‘ಆ ಹುಡುಗಿಗೆ ಮದುವೆ ಆಗೈತಾ?’

‘ಇನ್ನೂ ಇಲ್ಲಪ್ಪ.’

ಆತ ಮೂಟೆಯನ್ನು ಅಲ್ಲೇ ಬಿಟ್ಟು ಹೊರಡುವ ಬಸ್ಸಿಗೆ ಹಾರಿದ. ಎಷ್ಟು ಚುರುಕಾದ ಮನುಷ್ಯ ಎಂದು ಚನ್ನಮಲ್ಲಪ್ಪನವರು ಮೆಚ್ಚಿಕೊಂಡರು.

ಅವರಿಗೆ ಮರೆತುಹೋಗಿದ್ದ ಸಂಗತಿ ಇದು. ಸೀಗೆಕಟ್ಟೆಪಾಳ್ಯದಲ್ಲಿ ಯಾರೂ ಯಾರ ಮನೆಯನ್ನೂ ಚಂದಕ್ಕೆಂದು ನೋಡುವುದಿಲ್ಲ. ಪರ ಊರಿನ ಹೆಂಗಸರು ಗುಂಪಾಗಿ ಬಂದು ಗೋಡೆ ಮುಟ್ಟಿ, ಕೊಟ್ಟಿಗೆ ಎಣಿಸಿ, ಬಾವಿ ಬಗ್ಗಿ, ಅಡಿಗೆಮನೆಯೊಳಗೆ ಮೂಗು ತೂರಿಸುವುದು ಒಂದೇ ಸಂದರ್ಭದಲ್ಲಿ: ಆ ಮನೆಗೆ ಹೆಣ್ಣು ಕೊಡುವ ಮುಂಚೆ. ಚಿಕ್ಕಗಂಗಮ್ಮನ ಮನೆಯಲ್ಲಿ ಮೊಮ್ಮಗ ಜಂಬಣ್ಣ ಮದುವೆಗೆ ನಿಂತಿದ್ದ. ರಾಜಿ ಅವನಿಗೆ ದಾಯಾದಿ ತಂಗಿಯಾಗಬೇಕು, ಹಾಗಾಗಿ ಅವಳಲ್ಲ. ಇನ್ನುಳಿದ ಹೆಣ್ಣು ಯಾರೆಂದು ಲೆಕ್ಕ ಹಾಕಲು ಅಲ್ಲಿ ಯಾರೂ ಬಿ.ಎ. ಮಾಡಿರಬೇಕಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಚನ್ನಮಲ್ಲಪ್ಪನವರಿಗೆ ಹೊಟ್ಟೆ ಕೆಟ್ಟಿತು. ಗಿಳಿಗಳನ್ನು ಕೆತ್ತಿಸಿದವರು ಗಿಳಿಗಳನ್ನು ತೋರಿಸಬೇಕಾದ ದಿನ ಹೊಟ್ಟೆ ಕೆಡುವುದು ಸಹಜವೇ. ಅವರನ್ನು ನೋಡಿಕೊಳ್ಳಲು ಅಮ್ಮ ಉಳಿದಳು. ದೊಡ್ಡಮ್ಮನಿಗೆ ವ್ಯಾನು ಹತ್ತಿದರೆ ವಾಂತಿ. ಹೀಗೆ ಹಿರಿಯರೆಲ್ಲ ಕಳಚಿಕೊಂಡು, ಅನಂತಲಕ್ಷ್ಮಮ್ಮನವರ ಮುಂದಾಳತ್ವದಲ್ಲಿ ಮಂಡಳಿ ಹೊರಟಿತು. ಅಧ್ಯಕ್ಷೆಯ ಮಡಿಲಲ್ಲಿ ಒಂದು ಹಿತ್ತಾಳೆ ತಟ್ಟೆ. ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ಒಂದು ಶಾಲು. ಯಾರನ್ನಾದರೂ ಸನ್ಮಾನಿಸದೆ ಅವರು ಯಾವ ಊರಿನಿಂದಲೂ ಹಿಂದಿರುಗಿದವರಲ್ಲ.

ದಾರಿಯುದ್ದಕ್ಕೂ ವತ್ಸಲಾ ರಾಜಿಯ ಭುಜಕ್ಕೊರಗಿ, ‘ಆ ಚಿತ್ರದಲ್ಲಿ ಏನೇನಿದೆಯೇ? ನವಿಲಾ? ತೇರಾ?’ ಎಂದು ಕೇಳುತ್ತಿದ್ದಳು. ರಾಜಿ, ‘ನೋಡ್ತೀಯಲ್ಲ’ ಎನ್ನುತ್ತಿದ್ದಳು. ವ್ಯಾನಿನ ಟೈರು ಸಿಡಿಯಲಿ ಎಂದು ಅವಳು ಬೇಡದ ದೇವರಿಲ್ಲ. ಕೆಲಸಕ್ಕೆ ಬಾರದ ಒಳ್ಳೆಯ ಟೈರುಗಳು. ವ್ಯಾನು ನೇರ ಸೀಗೆಕಟ್ಟೆಪಾಳ್ಯದ ಅರಳಿಕಟ್ಟೆಯ ಮುಂದೆ ನಿಂತಿತು.

ಅರ್ಧ ಊರೇ ಅಲ್ಲಿತ್ತು. ಮಾವಿನ ತೋರಣ ಕಟ್ಟಿತ್ತು. ಊರಿನ ಹಿರಿಯ ಬಸವಲಿಂಗಪ್ಪನವರು ರುಮಾಲು ಸುತ್ತಿ ಮುಂದೆ ಬಂದರು. ವ್ಯಾನಿನಿಂದ ಬರೀ ಹೆಂಗಸರು ಇಳಿದದ್ದನ್ನು ಕಂಡು ಪಕ್ಕದವರಿಗೆ ಮೆಲ್ಲಗೆ ಹೇಳಿದರು. ‘ಬೆಂಗಳೂರಲ್ಲಿ ಈಗ ಮಾತುಕತೆ ಎಲ್ಲ ಹೆಂಗಸರದೇ ಅಂತೆ ಕಣ್ರಲಾ.’

‘ಎಂಥ ಆದರ,’ ಎಂದು ಅನಂತಲಕ್ಷ್ಮಮ್ಮ ಕನ್ನಡಕ ಒರೆಸಿಕೊಂಡರು.

ಚಿಕ್ಕಗಂಗಮ್ಮ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಸಣ್ಣ ದೇಹ, ದೊಡ್ಡ ದನಿ. ಅವಳ ಹಿಂದಿನ ಮನೆಯನ್ನು ರಾಜಿ ಕತ್ತು ಚಾಚಿ ನೋಡಿದಳು. ಕಂಬಗಳಿದ್ದವು. ಗಿಳಿಗಳಿರಲಿಲ್ಲ, ಆದರೆ ಕಂಬಗಳು ಗಟ್ಟಿಯಾಗಿಯೇ ಇದ್ದವು. ಗೋಡೆ ಮಾತ್ರ, ಬುಡದಿಂದ ಸೂರಿನ ತನಕ, ಹೊಚ್ಚ ಹೊಸ ಎಣ್ಣೆ ಬಣ್ಣದಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಬಸ್ ನಿಲ್ದಾಣದ ಮೂತ್ರಾಲಯಗಳಿಗೆ ಬಳಿಯುತ್ತಾರಲ್ಲ, ಆ ನೀಲಿ.

‘ಚಿತ್ರ ಎಲ್ಲಮ್ಮ?’ ಎಂದರು ಅನಂತಲಕ್ಷ್ಮಮ್ಮ.

‘ಚಿತ್ರವಾ?’ ಚಿಕ್ಕಗಂಗಮ್ಮ ನಾಚಿದಳು. ‘ಅಯ್ಯೋ, ಅದೇನು ನೋಡ್ತೀರಿ ಬುಡಿ ತಾಯಿ. ನಮ್ಮತ್ತೆ ಕಾಲದಿಂದ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಲ್ಲಿ ಗೀಚಿದ್ದು. ವರ್ಷವರ್ಷ ನಾನೂ ಅದನ್ನೇ ತಿದ್ದುತಾ ಇದ್ದೆ. ಪಟ್ಟಣದೋರು ಬತ್ತಾರೆ, ನಗಾಡ್ತಾರೆ ಅಂತ ನೆನ್ನೆ ಎಲ್ಲ ಮುಚ್ಚಿಸಿಬುಟ್ಟೆ.’

ರಾಜಿ ನೀಲಿ ಗೋಡೆಯನ್ನು ದಿಟ್ಟಿಸಿದಳು. ಜನ್ಮದಲ್ಲಿ ಹೇಳಿದ್ದ ಒಂದೇ ದೊಡ್ಡ ಸುಳ್ಳು ಅವಳಿಗೆ ಗೊತ್ತಿಲ್ಲದೆ ನಿಜವಾಗಿತ್ತು, ಆ ನಿಜಕ್ಕೆ ನಿನ್ನೆ ತಾನೇ ಬಣ್ಣ ಬಳಿದಾಗಿತ್ತು.

‘ಪರವಾಗಿಲ್ಲ ಕಣೇ, ಇತ್ತಲ್ಲ,’ ಎಂದು ವತ್ಸಲಾ ಬೆನ್ನು ಸವರಿದಳು. ಆ ಸಮಾಧಾನದಿಂದ ರಾಜಿಗೆ ಇನ್ನಷ್ಟು ಉರಿಯಿತು.

ಮಂಡಳಿಯವರು ಹಠ ಬಿಡಲಿಲ್ಲ. ಬಂದದ್ದಕ್ಕೆ ಉಳಿದದ್ದನ್ನಾದರೂ ನೋಡೋಣವೆಂದು ಮನೆಯೊಳಗೆ ಹರಡಿಕೊಂಡರು. ಒಬ್ಬರು ಕಣಜದ ಬಾಯಿಗೆ ತಲೆ ಹಾಕಿದರು. ಒಬ್ಬರು ಬಾವಿಯ ನೀರು ಸೇದಿ ಕುಡಿದು, ‘ಸಿಹಿಯಾಗಿದೆ’ ಎಂದರು. ‘ಹಸು ಎಷ್ಟಿವೆ?’ ‘ಅಡಿಗೆ ಯಾರು ಮಾಡೋದು?’ ‘ಎಲ್ಲ ಒಟ್ಟಿಗೇ ಇದೀರೋ?’ ಒಂದೊಂದು ಪ್ರಶ್ನೆಗೂ ಊರಿನವರು ಅರ್ಥಪೂರ್ಣವಾಗಿ ಮುಖ ಮುಖ ನೋಡಿಕೊಂಡರು. ಇಷ್ಟು ಕೂಲಂಕಷವಾಗಿ ವಿಚಾರಿಸುವ ಹೆಣ್ಣಿನ ಕಡೆಯವರನ್ನು ಅವರು ಕಂಡಿರಲಿಲ್ಲ.

ಅನಂತಲಕ್ಷ್ಮಮ್ಮ ಕಂಬ ತಟ್ಟಿದರು. ‘ಇದಕ್ಕೆ ವಯಸ್ಸೆಷ್ಟಾಗಿರ್ಬೋದು?’

‘ಕಂಬದ್ದು ಬುಡಿ,’ ಎಂದಳು ಚಿಕ್ಕಗಂಗಮ್ಮ. ‘ನಮ್ಮ ಹುಡುಗ ಜಂಬಣ್ಣನಿಗೆ ಇಪ್ಪತ್ತಾರು. ರೇಷ್ಮೆ ಹುಳ ಸಾಕ್ತಾನೆ. ಕುಡಿಯೋ ಅಭ್ಯಾಸ ಇಲ್ಲ, ಬೀಡಿ ಇಲ್ಲ. ಒಸಿ ಕೋಪ, ಅದೂ ಎತ್ತಿನ ಮೇಲೆ.’

‘ಎಷ್ಟು ಮುಕ್ತವಾಗಿ ಮಾತಾಡ್ತಾರೆ ನೋಡಿ,’ ಎಂದರು ಅಧ್ಯಕ್ಷೆ ಮಂಡಳಿಯ ಕಡೆ ತಿರುಗಿ. ‘ನಮ್ಮ ಬಡಾವಣೆಯಲ್ಲಿ ಇಷ್ಟು ಹೇಳ್ತಾರಾ ಯಾರಾದ್ರೂ?’

ಹುರುಳಿ ಸಾರು, ರಾಗಿ ಮುದ್ದೆ ಎಂದು ಬಾಯಲ್ಲಿ ನೀರೂರಿಸಿಕೊಂಡು ಕೂತವರ ಎಲೆಗೆ ಬಿದ್ದದ್ದು ಕೇಸರಿಬಾತು, ಬ್ರೆಡ್ಡು, ಜಾಮು, ಮಾಗಡಿಯ ಬೇಕರಿಯ ಖಾರದ ಬಿಸ್ಕತ್ತು. ಮಡಕೆಗಳನ್ನೆಲ್ಲ ಹಿತ್ತಲಲ್ಲಿ ಬಚ್ಚಿಟ್ಟು, ಊರಿನ ಸ್ಟೀಲು ಪಾತ್ರೆಗಳನ್ನೆಲ್ಲ ಕಡ ತಂದಿದ್ದರು. ‘ಮುದ್ದೆ ಇಲ್ವಾ?’ ಎಂದು ವತ್ಸಲಾ ಆಸೆಯಿಂದ ಕೇಳಿದಳು. ಇಡೀ ಪಡಸಾಲೆ ಒಮ್ಮೆಗೇ ಕರಗಿತು.

‘ಮುದ್ದೆ ಉಣ್ತೀಯಾ ನನ್ ಕಂದ?’ ಚಿಕ್ಕಗಂಗಮ್ಮ ಅವಳ ಗಲ್ಲ ಹಿಡಿದಳು. ‘ಬ್ಯಾಂಕಿನ ಹುಡುಗಿ ಮುದ್ದೆ ಕೇಳ್ತದಲ್ಲ ರಾಮಕ್ಕ, ಕೇಳುಸ್ಕಂಡೇನೇ?’ ಪಕ್ಕದ ಮನೆಯ ರಾಮಕ್ಕ ಕೇಳಿಸಿಕೊಂಡಿದ್ದಳು. ಓಡಿಹೋಗಿ ತನ್ನ ಮನೆಯಿಂದಲೇ ಒಂದು ಮುದ್ದೆ ತಂದು ವತ್ಸಲಾಳ ಎಲೆಗೆ ಇಟ್ಟಳು. ಒಂದೇ ಒಂದು. ಪಕ್ಕದ ಎಲೆಯಲ್ಲಿ ರಾಜಿ ಬ್ರೆಡ್ಡಿಗೆ ಜಾಮು ಸವರಿಕೊಂಡಳು. ಇದು ಯಾರ ಊರು? ಯಾರ ಅಜ್ಜಿ? ಮನೆಮಗಳು ಬ್ರೆಡ್ಡು ತಿನ್ನಬೇಕು, ಎದುರು ಮನೆಯವಳು ಮುದ್ದೆ ನುಂಗಬೇಕು.

ಊಟವಾದ ಮೇಲೆ ಮುತ್ತೈದೆಯರು ಗೋಡೆಗೊರಗಲು ಹೋಗಿ ಸೆರಗಿಗೆ ನೀಲಿ ಹತ್ತಿಸಿಕೊಂಡು ಮುಂದೆ ಜರುಗಿ ಕೂತು ಹಾಡತೊಡಗಿದರು. ಎಳೆದೆಳೆದು ಹೇಳುವ ಪದ.

‘ಹೊಸಿಲಿಗೆ ಅರಿಶಿನ, ಬಾಗಿಲಿಗೆ ಮಾವಿನೆಲೆ, ಬಲಗಾಲ ಮುಂದಿಡೆ ವತ್ಸಲವ್ವಾ, ಸೋಬಾನೆ...’

‘ಜನಪದ ಕಲೆ ಅಂದ್ರೆ ಇದು,’ ಅಧ್ಯಕ್ಷೆ ಪುಳಕಗೊಂಡರು. ‘ಅತಿಥಿಯ ಹೆಸರನ್ನ ಅಲ್ಲೇ ಪೋಣಿಸ್ತಾರೆ ನೋಡಿ. ಇನ್ನೊಂದ್ಸಲ ಹೇಳಿಯಮ್ಮ.’

ಅವರು ಇನ್ನೊಂದು ಸಲ ಹೇಳಿದರು. ಹಾಡಿನಲ್ಲೂ ಅವಳ ಹೆಸರೇ ಎಂದು ರಾಜಿ ಮೊದಲು ಕುದಿದಳು. ಕುದಿಯುತ್ತ ಕುದಿಯುತ್ತ ಪದದ ಅರ್ಥ ತಲೆಗೆ ಹತ್ತಿತು. ಬಲಗಾಲು? ಹೊಸಿಲು? ಸೋಬಾನೆ? ತಲೆ ಎತ್ತಿ ನೋಡಿದಳು. ಕಂಬದ ಮರೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಹರಳೆಣ್ಣೆ ಮೆತ್ತಿಕೊಂಡು ಒಬ್ಬ ಎತ್ತರದ ಹುಡುಗ ನಿಂತು ನೆಲ ನೋಡುತ್ತಿದ್ದ. ಜಂಬಣ್ಣ. ನೋಡುವುದಕ್ಕೆ ಕೆಟ್ಟದಾಗೇನೂ ಇರಲಿಲ್ಲ, ಅದೊಂದು ಬೇರೆ ಸಂಕಟ.

ಅವಳ ಬೆನ್ನ ಹಿಂದೆ ಚಿಕ್ಕಗಂಗಮ್ಮ ರಾಮಕ್ಕನಿಗೆ ಪಿಸುಗುಡುತ್ತಿದ್ದಳು. ‘ಈಗ ತಟ್ಟೆ ತರ್ತೀನಿ. ಅವರೂ ತಟ್ಟೆ ತಂದವ್ರೆ, ನೋಡ್ದಾ? ಬಸವಲಿಂಗಪ್ಪನೋರ ಮುಂದೆ ತಟ್ಟೆ ಕೈ ಬದಲಾದ್ರೆ ಮಾತು ಮುಗೀತು, ಯಾರು ಬಂದ್ರೂ ಹಿಂದಕ್ಕಿಲ್ಲ. ಹೋದ ವರ್ಷ ಬಂದೋರು ಉಂಡು ಕೈ ತೊಳ್ಕಂಡು ಹೋಗಿ ತಿರುಗಿ ನೋಡ್ಲಿಲ್ಲ. ಈ ಸಲಾನೂ ಹಂಗಾದ್ರೆ ಈ ಮನೇಲಿ ಏನೋ ಐಬೈತೆ ಅಂತ ಊರು ಆಡ್ಕಳ್ತದೆ. ನನ್ ಮೊಮ್ಮಗನಿಗೆ ಆಮೇಲೆ ಯಾರು ಕೊಟ್ಟಾರು ಹೆಣ್ಣ?’

ರಾಜಿ ಲೆಕ್ಕ ಹಾಕಿದಳು. ತಟ್ಟೆ ಬದಲಾದರೆ ವತ್ಸಲಾಳ ನಿಶ್ಚಿತಾರ್ಥ. ಬದಲಾಗದಿದ್ದರೆ ಈ ಮುದುಕಿಯ ಮನೆಗೆ ಕೆಟ್ಟ ಹೆಸರು. ಎರಡಕ್ಕೂ ಮೂಲ ಗೊಂಬೆಯ ಕೆಳಗೆ ಕೂತು ತಾನಾಡಿದ ಒಂದು ಮಾತು.

ಒಂದು ಗಳಿಗೆ, ಒಂದೇ ಗಳಿಗೆ, ಬಾಯಿ ಮುಚ್ಚಿಕೊಂಡಿರಬಹುದಲ್ಲ ಎನ್ನಿಸಿತು. ವತ್ಸಲಾ ಮಾಗಡಿ ಆಚೆ ಹುಳ ಸಾಕಿಕೊಂಡಿರಲಿ. ಎದುರು ಮನೆಯ ಬಲ್ಬು ಆರಲಿ. ಆದರೆ ಈ ಸುಖವನ್ನು ಪೂರ್ತಿ ಅನುಭವಿಸುವ ಮೊದಲೇ ಇನ್ನೊಂದು ಹೊಳೆಯಿತು: ಆಗ ಸೀಗೆಕಟ್ಟೆಪಾಳ್ಯವೂ ವತ್ಸಲಾಳದೇ ಆಗುತ್ತದೆ. ಕಂಬ ಅವಳದು, ಮುದ್ದೆ ಅವಳದು, ಬಣ್ಣ ಕೆರೆಸಿ ಚಿತ್ರ ಮೇಲೆ ತರುವವಳೂ ಅವಳೇ. ಬಡಾವಣೆಯವರು ವ್ಯಾನು ಮಾಡಿಕೊಂಡು ವತ್ಸಲಾಳ ಊರು ನೋಡಲು ಬರುತ್ತಾರೆ. ರಾಜಿಗೆ ಹಿಂದಿನ ಸೀಟು ಸಿಗುತ್ತದೆ.

ಅತ್ತ ಅನಂತಲಕ್ಷ್ಮಮ್ಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡಿದ್ದರು. ‘ಈ ಮನೆತನದ ಹಿರಿಮೆಗೆ ನಮ್ಮ ಮಂಡಳಿಯ ಪುಟ್ಟ ಕಾಣಿಕೆ.’ ಇತ್ತ ಚಿಕ್ಕಗಂಗಮ್ಮ ಹಸಿರು ಸೀರೆ, ಹೂವು, ಎಲೆ ಅಡಿಕೆ ಇಟ್ಟ ತಟ್ಟೆ ಹಿಡಿದು ಬಂದಳು. ಬಸವಲಿಂಗಪ್ಪನವರು, ‘ಒಳ್ಳೇ ಗಳಿಗೆ, ತಗಳಿ’ ಎಂದರು. ಎರಡು ತಟ್ಟೆಗಳೂ ಗಾಳಿಯಲ್ಲಿ ಒಂದಕ್ಕೊಂದು ಹತ್ತಿರವಾದವು.

‘ಕೊಡಬೇಡಿ.’

ಎಲ್ಲರೂ ತಿರುಗಿದರು. ತಟ್ಟೆಗಳು ಇದ್ದಲ್ಲೇ ನಿಂತವು.

‘ಏನಮ್ಮ ರಾಜಿ?’

‘ಅದು ತಾಂಬೂಲ ಆಂಟಿ. ತಗೊಂಡ್ರೆ ವತ್ಸಲಾನ ಜಂಬಣ್ಣನಿಗೆ ಕೊಟ್ಟ ಹಾಗೆ.’

ಅನಂತಲಕ್ಷ್ಮಮ್ಮ ತಮ್ಮ ತಟ್ಟೆಯನ್ನು ಎದೆಗವಚಿಕೊಂಡರು. ವತ್ಸಲಾ ಕೈಯಲ್ಲಿದ್ದ ಅಡಿಕೆ ಕೆಳಗೆ ಬಿಟ್ಟಳು. ಕಂಬದ ಮರೆಯ ಬಿಳಿ ಅಂಗಿ ಇನ್ನಷ್ಟು ಮರೆಗೆ ಸರಿಯಿತು.

‘ಅಂದ್ರೆ?’ ಚಿಕ್ಕಗಂಗಮ್ಮನ ದೊಡ್ಡ ದನಿ ಸಣ್ಣದಾಗಿತ್ತು. ‘ನೀವು ಬಂದದ್ದು ಹೆಣ್ಣು ಕೊಡಾಕಲ್ವಾ?’

‘ಅಲ್ಲ ಅಜ್ಜಿ. ಗೋಡೆ ನೋಡಾಕೆ.’

ಪಡಸಾಲೆಯಲ್ಲಿ ಒಬ್ಬರೂ ಇದನ್ನು ನಂಬಲಿಲ್ಲ.

‘ಗೋಡೆ ನೋಡಾಕೆ ಬೆಂಗಳೂರಿಂದ ವ್ಯಾನು ಮಾಡ್ಕಂಡು ಬತ್ತಾರಾ?’ ಬಸವಲಿಂಗಪ್ಪನವರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟರು. ‘ನಮ್ಮನ್ನ ಏನಂದ್ಕಂಡಿದೀರಿ? ಕಣಜ ನೋಡುದ್ರಿ, ಹಸು ಎಣಿಸುದ್ರಿ, ಹಾಡು ಎರಡೆರಡು ಸಲ ಹೇಳುಸುದ್ರಿ. ಈಗ ಗೋಡೆ ಅಂತೀರಿ. ನಮ್ಮ ಹುಡುಗನಲ್ಲಿ ಏನು ಕಂಡ್ರಿ, ಮುಖದ ಮೇಲೇ ಹೇಳಿ.’

‘ಜಂಬಣ್ಣನಲ್ಲಿ ಏನೂ ಇಲ್ಲ,’ ಎಂದಳು ರಾಜಿ.

‘ಹಂಗಾರೆ ಹುಡುಗೀಲಿ ಐಬೈತೆ.’ ಚಿಕ್ಕಗಂಗಮ್ಮ ತಟ್ಟೆಯನ್ನು ಕೆಳಗಿಟ್ಟು ರಾಜಿಯ ಹತ್ತಿರ ಬಂದು, ಅವಳ ಎರಡೂ ಕೈ ಹಿಡಿದುಕೊಂಡಳು. ‘ನೀನು ಈ ಮನೆ ಮಗಳು. ನೀನು ಹೇಳವ್ವ. ಊರಿನ ಮುಂದೆ ಹೇಳು. ಹುಡುಗೀಲಿ ಏನೈತೆ ಐಬು? ಹಂಗಂದ್ರೆ ನಮ್ಮ ಮನೆಗೆ ಮಾತು ಬರಾಕಿಲ್ಲ.’

ಪಡಸಾಲೆ ಕಿವಿಯಾಯಿತು. ಇಂಥ ಅವಕಾಶ ಭೂಮಿಯ ಮೇಲೆ ಹೊಟ್ಟೆಕಿಚ್ಚು ಪಡುವ ಎಷ್ಟು ಜನಕ್ಕೆ ಸಿಕ್ಕೀತು? ವತ್ಸಲಾಳಲ್ಲಿ ಒಂದು ಕೊರತೆಯನ್ನು ತುಂಬಿದ ಸಭೆಯಲ್ಲಿ, ಹಿರಿಯರ ಅಪ್ಪಣೆಯ ಮೇಲೆ, ಪುಣ್ಯದ ಕೆಲಸವಾಗಿ ಹೇಳಬಹುದು. ಒಂದೇ ಮಾತು. ಗೊರಕೆ ಹೊಡೀತಾಳೆ ಎಂದರೂ ಸಾಕು, ಅಜ್ಜಿಯ ಮನೆ ಉಳಿಯುತ್ತದೆ, ವತ್ಸಲಾ ಬಿಡುಗಡೆಯಾಗುತ್ತಾಳೆ, ತನ್ನ ಸುಳ್ಳು ನೀಲಿ ಬಣ್ಣದ ಹಿಂದೆ ಸುಖವಾಗಿರುತ್ತದೆ. ರಾಜಿ ವತ್ಸಲಾಳ ಕಡೆ ನೋಡಿದಳು. ವತ್ಸಲಾ ಹೆದರಿದ ಕಣ್ಣಿನಿಂದ, ‘ಏನಾದ್ರೂ ಹೇಳೇ, ಪರವಾಗಿಲ್ಲ’ ಎಂಬಂತೆ ತಲೆಯಾಡಿಸಿದಳು. ಆಗಲೂ ಒಳ್ಳೆಯವಳಾಗಿಯೇ ಇದ್ದಳು.

ರಾಜಿ ಬಾಯಿ ತೆರೆದಳು. ಬಂದ ದನಿ ಹಿತ್ತಲಿನ ಮಡಕೆಗಳ ತನಕ ಕೇಳಿಸಿತು.

‘ಒಂದೂ ಐಬಿಲ್ಲ ಅಜ್ಜಿ. ಚಿಕ್ಕಂದಿನಿಂದ ಹುಡುಕಿ ಹುಡುಕಿ ನಂಗೆ ಸಾಕಾಗೋಗಿದೆ. ಅದಕ್ಕೇ ನಂಗೆ ಇವಳನ್ನ ಕಂಡ್ರೆ ಹೊಟ್ಟೆಕಿಚ್ಚು. ಆ ಹೊಟ್ಟೆಕಿಚ್ಚಿಗೇ ಇಷ್ಟೂ ಜನಾನ ಇಲ್ಲಿಗೆ ಕರ್ಕೊಂಡ್ ಬಂದಿದೀನಿ.’